2032ರ ಪೊಲೀಸರು, ನಮ್ಮೂರಿನ ಪೊಲೀಸ್‌ಗಿರಿ

ಇನ್ನು ಕೆಲವೇ ವರ್ಷಗಳಲ್ಲಿ 2032 ಬರುತ್ತದೆ. ತೊಂಬತ್ತರ ದಶಕದಲ್ಲಿ ಕೇಬಲ್ ಟೀವಿ ನೋಡಿ ಬೆಳೆದವರಿಗೆ ಅದೊಂದು ಸಿನಿಮಾದ ಇಸವಿ. ಸಿಲ್ವೆಸ್ಟರ್ ಸ್ಟಾಲೋನ್‌ನ ‘ಡೆಮೊಲಿಶನ್ ಮ್ಯಾನ್’ 1993ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಬಿಡುಗಡೆಯಾಯಿತು. ಅದರ ಕಥೆ ನಡೆಯುವುದು 2032ರಲ್ಲಿ. ಈಗ ಆ ಸಿನಿಮಾದ ತುಣುಕುಗಳು ನಮ್ಮ ಮಕ್ಕಳ ಮೊಬೈಲಿನಲ್ಲಿ ಓಡಾಡುತ್ತಿವೆ. ಮದ್ರಸ ಮುಗಿಸಿ ಬಂದ ಹುಡುಗರು ಒಬ್ಬರನ್ನೊಬ್ಬರು ಮುಟ್ಟದೆ ಗಾಳಿಯಲ್ಲೇ ಕೈ ತಿರುಗಿಸಿ ಸಲಾಂ ಹೇಳಿ ನಗುವುದನ್ನು ನೋಡಿದ್ದೇನೆ. ಅದು ಅದೇ ಸಿನಿಮಾದ್ದು.

ನೋಡದವರಿಗಾಗಿ ಕಥೆ ಚಿಕ್ಕದಾಗಿ. 1996ರ ಲಾಸ್ ಏಂಜಲೀಸ್. ಜಾನ್ ಸ್ಪಾರ್ಟನ್ ಎಂಬ ಪೊಲೀಸ್ ಅಧಿಕಾರಿ (ಸ್ಟಾಲೋನ್) ಸೈಮನ್ ಫೀನಿಕ್ಸ್ ಎಂಬ ಕೊಲೆಗಡುಕನನ್ನು (ವೆಸ್ಲಿ ಸ್ನೈಪ್ಸ್) ಹಿಡಿಯುತ್ತಾನೆ. ಆ ಕಾರ್ಯಾಚರಣೆಯಲ್ಲಿ ಕಟ್ಟಡವೇ ಉರುಳಿ, ಒಳಗಿದ್ದ ಒತ್ತೆಯಾಳುಗಳು ಸತ್ತಿದ್ದಾರೆಂದು ಸ್ಪಾರ್ಟನ್‌ಗೂ ಶಿಕ್ಷೆಯಾಗುತ್ತದೆ. ಇಬ್ಬರನ್ನೂ ಹಿಮಗಟ್ಟಿಸಿ ಜೈಲಿನಲ್ಲಿ ಇಡುತ್ತಾರೆ. 36 ವರ್ಷಗಳ ಬಳಿಕ ಫೀನಿಕ್ಸ್ ತಪ್ಪಿಸಿಕೊಳ್ಳುತ್ತಾನೆ. ಅಷ್ಟರಲ್ಲಿ ಊರು ಬದಲಾಗಿದೆ. ಲಾಸ್ ಏಂಜಲೀಸ್, ಸಾಂಟಾ ಬಾರ್ಬರಾ, ಸಾನ್ ಡಿಯಾಗೊ ಸೇರಿ ‘ಸಾನ್ ಏಂಜಲೀಸ್’ ಆಗಿದೆ. ಅಲ್ಲಿ ಅಪರಾಧವೇ ಇಲ್ಲ, ಪೊಲೀಸರಿಗೆ ಹೊಡೆದಾಟ ನೋಡಿಯೇ ಗೊತ್ತಿಲ್ಲ. ಬೇರೆ ದಾರಿ ಕಾಣದೆ ಅವರು ಸ್ಪಾರ್ಟನ್‌ನನ್ನು ಕರಗಿಸಿ ಎಬ್ಬಿಸುತ್ತಾರೆ. ಲೆನಿನಾ ಹಕ್ಸ್‌ಲಿ (ಸಾಂಡ್ರಾ ಬುಲಕ್) ಎಂಬ ಯುವ ಅಧಿಕಾರಿ ಅವನ ಜೋಡಿಯಾಗುತ್ತಾಳೆ. ನಿರ್ದೇಶಕ ಮಾರ್ಕೊ ಬ್ರಾಂಬಿಲ್ಲಾಗೆ ಅದು ಮೊದಲ ಸಿನಿಮಾ. ಮನೆಮಂದಿಯೆಲ್ಲ ಕೂತು ನೋಡುವ ಚಿತ್ರವಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ರಿಮೋಟ್ ಹುಡುಕಬೇಕಾದ ಒಂದೆರಡು ದೃಶ್ಯಗಳಿವೆ, ಬೈಗುಳಕ್ಕಂತೂ ಲೆಕ್ಕವಿಲ್ಲ.

ಬೈಗುಳಕ್ಕೆ ಲೆಕ್ಕವಿಲ್ಲ ಎಂದೆ, ಆದರೆ ಸಿನಿಮಾದೊಳಗೆ ಲೆಕ್ಕ ಇಡುವ ಯಂತ್ರವೇ ಇದೆ. ಕೆಟ್ಟ ಮಾತಾಡಿದ ತಕ್ಷಣ ಗೋಡೆಯ ಮೇಲಿನ ಪೆಟ್ಟಿಗೆ ಗುಂಯ್ ಎಂದು ಸದ್ದು ಮಾಡಿ, ಹೆಸರು ಹೇಳಿ, ದಂಡದ ಚೀಟಿ ಮುದ್ರಿಸುತ್ತದೆ. ಮಾಂಸ ನಿಷೇಧ, ಕಾಫಿ ನಿಷೇಧ, ಚಾಕೊಲೇಟ್ ನಿಷೇಧ, ಖಾರ ನಿಷೇಧ, ಉಪ್ಪೂ ನಿಷೇಧ. ಕೈ ಕುಲುಕುವಂತಿಲ್ಲ. ದೇಹಕ್ಕೆ ಒಳ್ಳೆಯದಲ್ಲದ್ದು ಕೆಟ್ಟದ್ದು, ಕೆಟ್ಟದ್ದೆಲ್ಲ ಕಾನೂನುಬಾಹಿರ. ಇದನ್ನೆಲ್ಲ ಏರ್ಪಾಡು ಮಾಡಿದವನು ಬಿಳಿ ನಿಲುವಂಗಿಯ, ಮೆಲುದನಿಯ ಡಾಕ್ಟರ್ ಕಾಕ್ಟೋ. ಅವನ ಊರು ಬೇಡವೆಂದವರು ನೆಲದಡಿಯ ಚರಂಡಿಗಳಲ್ಲಿ ಇಲಿ ಮಾಂಸದ ಬರ್ಗರ್ ತಿಂದು ಬದುಕುತ್ತಾರೆ. ಸ್ಪಾರ್ಟನ್ ಅದನ್ನು ಚಪ್ಪರಿಸಿ ತಿನ್ನುತ್ತಾನೆ. ಅದು ನಮಗೆ ಹಿಡಿಸುವ ಊಟವಲ್ಲ ಬಿಡಿ, ಆದರೆ ಅವನ ಹಸಿವು ಅರ್ಥವಾಗುತ್ತದೆ.

ಈ ಸಿನಿಮಾಕ್ಕೆ ನೋಡುಗರು ಕೊಟ್ಟ ಪ್ರತಿಕ್ರಿಯೆಯದ್ದೇ ಒಂದು ಕಥೆ. ಬಂದಾಗ ವಿಮರ್ಶಕರು ಅರ್ಧ ಮೆಚ್ಚಿ ಅರ್ಧ ಮೂಗು ಮುರಿದರು. ಜನ ಮಾತ್ರ ಟಿಕೆಟ್ ಕೊಂಡರು. ಪ್ರಪಂಚದಾದ್ಯಂತ ಸುಮಾರು 15 ಕೋಟಿ ಡಾಲರಿಗಿಂತ ಹೆಚ್ಚು ಗಳಿಸಿತು. ಆಮೇಲೆ ಮೂವತ್ತು ವರ್ಷ ಜನ ಒಂದೇ ಪ್ರಶ್ನೆ ಕೇಳಿದರು: ಆ ಕಾಲದ ಶೌಚಾಲಯದಲ್ಲಿ ಕಾಗದದ ಬದಲು ಇಟ್ಟಿರುವ ಮೂರು ಕಪ್ಪೆಚಿಪ್ಪುಗಳನ್ನು ಬಳಸುವುದು ಹೇಗೆ? ಸಿನಿಮಾ ಅದನ್ನು ಹೇಳುವುದೇ ಇಲ್ಲ. ಸ್ಪಾರ್ಟನ್ ಯಂತ್ರದ ಮುಂದೆ ನಿಂತು ಬೇಕೆಂದೇ ಬೈದು, ಹೊರಬಿದ್ದ ದಂಡದ ಚೀಟಿಗಳನ್ನೇ ಎತ್ತಿಕೊಂಡು ಹೋಗುತ್ತಾನೆ. (ನೀರಿನ ಚೊಂಬು ಗೊತ್ತಿಲ್ಲದವರ ಸಮಸ್ಯೆ ಇದು ಎಂದು ನಮ್ಮ ಕಾಕ ಒಬ್ಬರು ಹೇಳಿದ್ದಕ್ಕೆ ಎದುರು ಮಾತಿಲ್ಲ.) ಅರ್ನಾಲ್ಡ್ ಶ್ವಾರ್ಜ್‌ನೆಗರ್ ಅಧ್ಯಕ್ಷನಾಗಿದ್ದನೆಂದು ಸಿನಿಮಾದಲ್ಲಿ ತಮಾಷೆ ಮಾಡಿದ್ದರು. 2003ರಲ್ಲಿ ಅವನು ನಿಜಕ್ಕೂ ಕ್ಯಾಲಿಫೋರ್ನಿಯಾದ ಗವರ್ನರ್ ಆದ. 2020ರಲ್ಲಿ ಕೊರೊನಾ ಬಂದು ಕೈ ಕುಲುಕುವುದು ನಿಂತಾಗ, ಸಭೆಗಳೆಲ್ಲ ಪರದೆಯ ಮೇಲೆ ನಡೆದಾಗ, ಈ ಸಿನಿಮಾ ಮುಂಚೆಯೇ ಹೇಳಿತ್ತಲ್ಲ ಎಂದು ಲೋಕವೆಲ್ಲ ಮತ್ತೆ ಅದನ್ನು ನೋಡಿತು.

ಅಮೆರಿಕದಲ್ಲಿ ಇನ್ನೊಂದು ಬಗೆಯ ನೋಡುಗರೂ ಹುಟ್ಟಿಕೊಂಡರು. ‘ಏನು ಮಾತಾಡಿದರೂ ತಪ್ಪು ಎನ್ನುವ ಈ ಕಾಲವನ್ನೇ ಸಿನಿಮಾ ಹೇಳಿದ್ದು, ಸಭ್ಯತೆಯ ಹೆಸರಿನಲ್ಲಿ ನಮ್ಮ ಬಾಯಿ ಕಟ್ಟುತ್ತಿದ್ದಾರೆ’ ಎಂದು ಅವರು ಅದನ್ನು ತಮ್ಮ ಪಕ್ಷದ ಸಿನಿಮಾ ಮಾಡಿಕೊಂಡಿದ್ದಾರೆ. ಆ ಜಗಳ ಅವರದು. ನನ್ನ ತಕರಾರು, ನಮ್ಮ ಹುಡುಗರು ಅದೇ ತುಣುಕುಗಳನ್ನು ಅದೇ ಅರ್ಥದ ಸಮೇತ ಎತ್ತಿಕೊಳ್ಳುತ್ತಿದ್ದಾರೆ ಎಂಬುದು. ಕರಾವಳಿಯಿಂದ ಬಂದ ಬ್ಯಾರಿ ಕುಟುಂಬಕ್ಕೆ ಈ ಸಿನಿಮಾದಲ್ಲಿ ಕಾಣಬೇಕಾದ್ದು ಬೇರೆ ಇದೆ.

ಮೊದಲನೆಯದು ಆ ಚೀಟಿ ಯಂತ್ರ. ಅದನ್ನು ನೋಡಿ ಎಲ್ಲರೂ ನಗುತ್ತಾರೆ, ನನಗೆ ಹೊಟ್ಟೆಕಿಚ್ಚಾಗುತ್ತದೆ. ತಪ್ಪು ಇದು, ದಂಡ ಇಷ್ಟು, ವಿಧಿಸಿದವರು ಇವರು ಎಂದು ಬರೆದು ಕೊಡುತ್ತದೆ. ಕೈ ಎತ್ತುವುದಿಲ್ಲ, ವಿಡಿಯೊ ಮಾಡುವುದಿಲ್ಲ, ಮನೆ ವಿಳಾಸ ಕೇಳುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಈ ಕೆಲಸ ಮಾಡುವವರು ಬಸ್ ಸ್ಟ್ಯಾಂಡಿನಲ್ಲಿ, ಐಸ್‌ಕ್ರೀಂ ಪಾರ್ಲರಿನ ಬಾಗಿಲಲ್ಲಿ ನಿಂತಿರುತ್ತಾರೆ. ನೈತಿಕ ಪೊಲೀಸ್‌ಗಿರಿ ಎಂಬ ಮಾತು ಇಡೀ ದೇಶಕ್ಕೆ ಪರಿಚಯವಾದದ್ದು ಮಂಗಳೂರಿನ ಹೆಸರಿನೊಂದಿಗೇ. 2009ರ ಜನವರಿ 24ರಂದು ಅಮ್ನೇಶಿಯಾ ಪಬ್ಬಿಗೆ ಶ್ರೀರಾಮ ಸೇನೆಯವರು ನುಗ್ಗಿ ಹುಡುಗಿಯರನ್ನು ಹೊಡೆದದ್ದನ್ನು ಟೀವಿಯಲ್ಲಿ ನೋಡದವರಿಲ್ಲ. 2018ರಲ್ಲಿ ಆ ಪ್ರಕರಣದ ಆರೋಪಿಗಳೆಲ್ಲ ಸಾಕ್ಷ್ಯವಿಲ್ಲವೆಂದು ಬಿಡುಗಡೆಯಾದರು. 2012ರ ಜುಲೈ 28ರಂದು ಪಡೀಲಿನ ಹೋಮ್‌ಸ್ಟೇಯಲ್ಲಿ ಹುಟ್ಟುಹಬ್ಬ ಮಾಡುತ್ತಿದ್ದ ಹುಡುಗ ಹುಡುಗಿಯರ ಮೇಲೆ ದಾಳಿಯಾಯಿತು. ಆ ಪ್ರಕರಣದಲ್ಲಿ ವರದಿ ಮಾಡಿದ ಪತ್ರಕರ್ತ ನವೀನ್ ಸೂರಿಂಜೆಯೇ ತಿಂಗಳುಗಟ್ಟಲೆ ಜೈಲಿನಲ್ಲಿದ್ದರು. ದಾಳಿಯ ಆರೋಪಿಗಳು 2024ರಲ್ಲಿ ಖುಲಾಸೆಯಾದರು. ಇಡೀ ದೇಶ ಟೀವಿಯಲ್ಲಿ ನೋಡಿದ್ದಕ್ಕೆ ಕೋರ್ಟಿನಲ್ಲಿ ಸಾಕ್ಷಿ ಸಿಗಲಿಲ್ಲ. ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ 2021ರ ಅಕ್ಟೋಬರಿನಲ್ಲಿ ಮಂಗಳೂರಿನಲ್ಲೇ, ಇಂಥ ಘಟನೆಗಳ ಬಗ್ಗೆ ಕೇಳಿದಾಗ, ಕ್ರಿಯೆಗೆ ಪ್ರತಿಕ್ರಿಯೆ ಇರುತ್ತದೆ ಎಂಬರ್ಥದ ಉತ್ತರ ಕೊಟ್ಟರು. ಡಾಕ್ಟರ್ ಕಾಕ್ಟೋ ಕೂಡ ಅಷ್ಟು ಸುಲಭವಾಗಿ ಕೈ ತೊಳೆದುಕೊಳ್ಳುವುದಿಲ್ಲ. ಅವನ ದಂಡ ಅವನ ಹೆಸರಿನಲ್ಲೇ ಇರುತ್ತದೆ.

ಮಾಂಸದ ಮಾತೂ ಹಾಗೆಯೇ. ಕರ್ನಾಟಕದ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆಯಲ್ಲಿ 13 ವರ್ಷ ದಾಟಿದ ಎಮ್ಮೆ ಕೋಣಗಳಿಗೆ ಮಾತ್ರ ವಿನಾಯಿತಿ. ತಪ್ಪಿದರೆ ಮೂರರಿಂದ ಏಳು ವರ್ಷ ಜೈಲು. ಕಾನೂನು ಇಷ್ಟವೋ ಕಷ್ಟವೋ, ಅದು ಕಾನೂನು. ಅದನ್ನು ಒಪ್ಪದವರು ಕೋರ್ಟಿಗೆ ಹೋಗಬಹುದು, ವೋಟು ಹಾಕಬಹುದು. ರಾತ್ರಿ ಹೊತ್ತು ರಸ್ತೆಯಲ್ಲಿ ಗಾಡಿ ಅಡ್ಡಗಟ್ಟಿ ಡ್ರೈವರನನ್ನು ಕೆಳಗಿಳಿಸುವವನಿಗೆ ಯಾವ ಕಾಯ್ದೆಯಲ್ಲಿ ಜಾಗ ಇದೆ? ನಾನಿರುವ ಬೇರಿಕೆ ತಮಿಳುನಾಡಿನದು. ಕೃಷ್ಣಗಿರಿ ಜಿಲ್ಲೆ. ಹೊಸೂರಿನಿಂದ ಬಾಗಲೂರು ದಾಟಿ ಬಂದರೆ ಸಿಗುತ್ತದೆ, ಇನ್ನೂ ಮುಂದೆ ಹೋದರೆ ಮಾಲೂರು. ಬ್ಯಾರಿ ಬೇರಿಕೆಯಲ್ಲಿ ಅಂಗಡಿ ಇಟ್ಟ ಎಂದು ಪರಿಚಯದವರು ನಗುತ್ತಾರೆ. ಇಲ್ಲಿ ಅಂಗಡಿಯ ಮುಂದೆ ಒಂದೇ ಬೆಂಚಿನಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಕೂತಿರುತ್ತವೆ, ನಾವು ಒಳಗೆ ಬ್ಯಾರಿ ಮಾತಾಡುತ್ತೇವೆ. ಗಡಿಯ ಈಚೆಗೆ ಎರ್ಚಿಯ ಕಾನೂನು ಬೇರೆ, ಆಚೆಗೆ ಬೇರೆ. ಹಾಗೆಂದು ಯಾರೂ ಇಲ್ಲಿ ಸ್ವರ್ಗದಲ್ಲಿಲ್ಲ. ಕಾನೂನು ಎಂದರೆ ಮನುಷ್ಯರು ಕೂತು ಬರೆದದ್ದು, ಗೆರೆ ದಾಟಿದರೆ ಬದಲಾಗುವಂಥದ್ದು ಎಂಬುದು ಗಡಿಯಲ್ಲಿ ಬದುಕುವವನಿಗೆ ದಿನವೂ ಕಾಣುತ್ತದೆ, ಅಷ್ಟೇ.

ಇಲ್ಲಿಯವರೆಗೆ ಓದಿದವರು ತಲೆಯಾಡಿಸಿರಬಹುದು. ಮುಂದಿನದಕ್ಕೂ ತಲೆಯಾಡಿಸಬೇಕು. ಬಸ್ಸಿನಲ್ಲಿ ಸ್ಕಾರ್ಫ್ ಹಾಕಿದ ಹುಡುಗಿಯ ಪಕ್ಕ ಬೇರೆ ಧರ್ಮದ ಸಹಪಾಠಿ ಕೂತರೆ ಅಡ್ಡ ನಿಂತು ಹೆಸರು ಕೇಳುವ, ಅಪ್ಪನ ನಂಬರ್ ಕೇಳುವ, ಮೊಬೈಲ್ ಎತ್ತಿ ವಿಡಿಯೊ ಮಾಡುವ ಹುಡುಗರು ನಮ್ಮಲ್ಲೂ ಇದ್ದಾರೆ. ಪತ್ರಿಕೆಗಳಲ್ಲಿ ಅವರ ಸುದ್ದಿಯೂ ಬಂದಿದೆ, ಕೇಸುಗಳೂ ಆಗಿವೆ. ಅಂಥ ವಿಡಿಯೊ ನಮ್ಮ ಕುಟುಂಬದ ಗ್ರೂಪಿಗೆ ಬಂದಾಗ ಕೆಳಗೆ ‘ಮಾಶಾ ಅಲ್ಲಾಹ್, ಒಳ್ಳೆ ಕೆಲಸ’ ಎಂದು ಬರೆಯುವವರು ಯಾರೋ ಗೂಂಡಾಗಳಲ್ಲ, ನಮ್ಮ ಮದುವೆ ಊಟಗಳಲ್ಲಿ ಬಡಿಸುವ ಹಿರಿಯರು. ಹುಡುಗಿಯ ಮುಖ ಊರೆಲ್ಲ ತಿರುಗಿದ ಮೇಲೆ ಅವಳ ಮದುವೆ, ಅವಳ ಕಾಲೇಜು ಏನಾಯಿತೆಂದು ಆ ಹಿರಿಯರು ವಿಚಾರಿಸಿದ್ದುಂಟೇ? ಕಾಲೇಜು ಬಿಡಿಸಿ ಮನೆಯಲ್ಲಿ ಕೂರಿಸಿದ್ದಾರೆ ಎಂಬ ಸುದ್ದಿ ಗ್ರೂಪಿಗೆ ಬರುವುದಿಲ್ಲ. ಮೊದಲ ತಲೆಮಾರಿನ ಹುಡುಗಿಯರು ಬಿ.ಕಾಂ., ನರ್ಸಿಂಗ್, ಲಾ ಓದಲು ಬಸ್ಸು ಹತ್ತುತ್ತಿರುವ ಸಮುದಾಯ ನಮ್ಮದು. ಆ ಬಸ್ಸಿನಲ್ಲಿ ಅವರಿಗೆ ಎರಡೂ ಕಡೆಯವರ ಭಯ.

ಎರಡನೆಯದು ನನಗೆ ಇದಕ್ಕಿಂತಲೂ ದೊಡ್ಡದು. ಈ ಸಿನಿಮಾ ನೋಡುವವರೆಲ್ಲ ಶಿಳ್ಳೆ ಹೊಡೆಯುವುದು ಸ್ಪಾರ್ಟನ್‌ಗೆ. ಕಾನೂನು ಪುಸ್ತಕ ಓದದ, ಮೊದಲು ಹೊಡೆದು ಆಮೇಲೆ ಕೇಳುವ ಪೊಲೀಸ್. ನಯವಂತ ಪೊಲೀಸರು ಕೈ ಹಿಸುಕಿಕೊಂಡು ನಿಂತಾಗ ಅವನೊಬ್ಬನೇ ಗಂಡಸು. ನಮ್ಮ ಹುಡುಗರು ಹಂಚಿಕೊಳ್ಳುವ ತುಣುಕುಗಳಲ್ಲಿ ಅರ್ಧ ಚಿಪ್ಪಿನ ತಮಾಷೆ, ಇನ್ನರ್ಧ ಇದು. ಕನ್ನಡದಲ್ಲೂ ನಮಗೆ ಇಂಥವರ ಮೇಲೆಯೇ ಪ್ರೀತಿ. ಶಂಕರ್‌ನಾಗ್ ಎಸ್.ಪಿ. ಸಾಂಗ್ಲಿಯಾನ ಆದದ್ದು 1988ರಲ್ಲಿ, ಸಾಯಿಕುಮಾರ್ ‘ಪೊಲೀಸ್ ಸ್ಟೋರಿ’ಯಲ್ಲಿ ಗುಡುಗಿದ್ದು 1996ರಲ್ಲಿ. ಇಂದಿಗೂ ಆ ಡೈಲಾಗಿನ ಧಾಟಿಯಲ್ಲಿ ಮಿಮಿಕ್ರಿ ಮಾಡದ ಶಾಲಾ ವಾರ್ಷಿಕೋತ್ಸವ ಇಲ್ಲ.

2019ರ ಡಿಸೆಂಬರ್ 6ರ ಬೆಳಗ್ಗೆ ಹೈದರಾಬಾದಿನ ಹತ್ತಿರ, ಯುವ ಪಶುವೈದ್ಯೆಯ ಅತ್ಯಾಚಾರ, ಕೊಲೆಯ ನಾಲ್ವರು ಆರೋಪಿಗಳನ್ನು ಪೊಲೀಸರು ಗುಂಡಿಟ್ಟು ಕೊಂದರು. ಜನ ಪೊಲೀಸರ ಮೇಲೆ ಹೂ ಎರಚಿದರು, ಸಿಹಿ ಹಂಚಿದರು. ಆ ಸಂಭ್ರಮ ನಮ್ಮ ಮನೆಗಳ ಗ್ರೂಪುಗಳಲ್ಲೂ ಇತ್ತು. ಹೆಣ್ಣುಮಕ್ಕಳನ್ನು ಹೆತ್ತ ಉಮ್ಮಂದಿರು ಹಾಗೆ ಹೇಳಿದ್ದು ನನಗೆ ಅರ್ಥವಾಗುತ್ತದೆ. ಆ ಸಿಟ್ಟು ಸುಳ್ಳಲ್ಲ. ಆದರೆ ಅದಾಗಿ ಸರಿಯಾಗಿ ಹದಿಮೂರು ದಿನಕ್ಕೆ, ಡಿಸೆಂಬರ್ 19ರಂದು, ಪೌರತ್ವ ಕಾಯ್ದೆಯ ವಿರುದ್ಧದ ಪ್ರತಿಭಟನೆಯ ದಿನ ಮಂಗಳೂರಿನಲ್ಲಿ ಪೊಲೀಸ್ ಗೋಲಿಬಾರ್ ಆಯಿತು. ನಮ್ಮವರು ಇಬ್ಬರು ಸತ್ತರು. ಆಗ ನಾವು ಕೇಳಿದ್ದೇನು? ಗುಂಡು ಹಾರಿಸಲು ಅಪ್ಪಣೆ ಯಾರದು, ಸೊಂಟದ ಕೆಳಗೆ ಯಾಕೆ ಹೊಡೆಯಲಿಲ್ಲ, ಸೀಸಿಟೀವಿ ಎಲ್ಲಿ, ತನಿಖೆ ಎಲ್ಲಿ. ಕೇಳಬೇಕಾದ ಪ್ರಶ್ನೆಗಳೇ. ಹದಿಮೂರು ದಿನದ ಹಿಂದೆ ಅದೇ ಗ್ರೂಪಿನಲ್ಲಿ ಯಾರಾದರೂ ಅದೇ ಪ್ರಶ್ನೆ ಕೇಳಿದ್ದರೆ ‘ನೀನು ಅತ್ಯಾಚಾರಿಗಳ ಪರವಾ?’ ಎಂದು ಬಾಯಿ ಮುಚ್ಚಿಸುತ್ತಿದ್ದರು. ಹೈದರಾಬಾದಿನ ಆ ಎನ್‌ಕೌಂಟರ್ ಬಗ್ಗೆ ಸುಪ್ರೀಂ ಕೋರ್ಟ್ ನೇಮಿಸಿದ ಸಿರ್ಪುರ್ಕರ್ ಆಯೋಗದ ವರದಿ 2022ರಲ್ಲಿ ಹೊರಬಂತು. ಪೊಲೀಸರು ಹೇಳಿದ ಕಥೆ ನಂಬುವಂಥದ್ದಲ್ಲ, ಸಾಯಿಸುವ ಉದ್ದೇಶದಿಂದಲೇ ಗುಂಡು ಹಾರಿಸಿದ್ದಾರೆ ಎಂದು ಅದರಲ್ಲಿತ್ತು. ಆ ಸುದ್ದಿಯನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ.

ಈ ಕಡೆಯ ಉದಾಹರಣೆಯೊಂದಿದೆ. ಅಂಗಡಿಯವನಾಗಿ ಅದನ್ನು ಮರೆಯಲು ನನ್ನಿಂದ ಆಗುವುದಿಲ್ಲ. 2020ರ ಜೂನ್‌ನಲ್ಲಿ, ಲಾಕ್‌ಡೌನ್ ಕಾಲದಲ್ಲಿ, ತೂತ್ತುಕುಡಿ ಜಿಲ್ಲೆಯ ಸಾತಾನ್‌ಕುಳಂನಲ್ಲಿ ಮೊಬೈಲ್ ಅಂಗಡಿಯನ್ನು ಹೊತ್ತು ಮೀರಿ ತೆರೆದಿದ್ದರೆಂದು ತಂದೆ ಮಗನನ್ನು ಪೊಲೀಸರು ಹಿಡಿದೊಯ್ದರು. ಕೆಲವೇ ದಿನಗಳಲ್ಲಿ ಇಬ್ಬರೂ ಸತ್ತರು. ಇಡೀ ತಮಿಳುನಾಡು ಕುದಿಯಿತು. ಆಗ ‘ಸಿಂಗಂ’ ಚಿತ್ರಗಳ ನಿರ್ದೇಶಕ ಹರಿ ಒಂದು ಹೇಳಿಕೆ ಕೊಟ್ಟರು. ಪೊಲೀಸರನ್ನು ವೈಭವೀಕರಿಸಿ ಐದು ಸಿನಿಮಾ ಮಾಡಿದ್ದಕ್ಕೆ ಈಗ ನೋವಾಗುತ್ತಿದೆ ಎಂಬುದು ಅದರ ತಾತ್ಪರ್ಯ. ಎಷ್ಟೋ ಕೋಟಿ ಗಳಿಸಿದ ಮೇಲೆ ಹೇಳುವುದು ಸುಲಭ ಎಂದು ಕೆಲವರು ಹಂಗಿಸಿದರು. ಇರಬಹುದು. ಆದರೆ ಅವರು ಹೇಳಿದರು. ಕನ್ನಡದಲ್ಲಾಗಲಿ ಹಿಂದಿಯಲ್ಲಾಗಲಿ ಪೊಲೀಸ್ ಸಿನಿಮಾ ಮಾಡಿದ ಬೇರೆ ಯಾರ ಬಾಯಿಂದಲೂ ಅಂಥ ಮಾತು ನಾನು ಕೇಳಿಲ್ಲ. ನೋಡುಗರಾದ ನಮ್ಮ ಬಾಯಿಂದಂತೂ ಇಲ್ಲವೇ ಇಲ್ಲ. ಶಿಳ್ಳೆ ಹೊಡೆದದ್ದು ನಾವಲ್ಲವೇ?

ಹಾಗೆ ನೋಡಿದರೆ ‘ಡೆಮೊಲಿಶನ್ ಮ್ಯಾನ್’ ಬೇರೆ ಪೊಲೀಸ್ ಸಿನಿಮಾಗಳಿಗಿಂತ ಪ್ರಾಮಾಣಿಕವಾಗಿ ಶುರುವಾಗುತ್ತದೆ. ಮೊದಲ ಹತ್ತು ನಿಮಿಷ ಮತ್ತೆ ನೋಡಿ. ಒತ್ತೆಯಾಳುಗಳು ಸತ್ತರೆಂದು ಒಬ್ಬ ಪೊಲೀಸ್ ಅಧಿಕಾರಿಗೆ 70 ವರ್ಷ ಶಿಕ್ಷೆ! ಖಳನಾಯಕನ ಪಕ್ಕದಲ್ಲೇ ನಾಯಕನನ್ನೂ ಹಿಮದಲ್ಲಿ ಹೂತಿಡುತ್ತಾರೆ. ಕೆಟ್ಟ ಭವಿಷ್ಯ ತೋರಿಸುತ್ತೇವೆಂದು ಹೊರಟ ಸಿನಿಮಾ ಕೆಟ್ಟದ್ದಕ್ಕೆ ಮುಂಚಿನ ಆ 1996ರಲ್ಲಿ ನಮ್ಮ ಕಾಲಕ್ಕಿಂತ ಒಳ್ಳೆಯದೊಂದನ್ನು ತೋರಿಸಿಬಿಟ್ಟಿದೆ. ಆದರೆ ಕೊನೆಯವರೆಗೆ ಹಾಗೆ ಉಳಿಯುವ ಧೈರ್ಯ ಅದಕ್ಕಿಲ್ಲ. ಒತ್ತೆಯಾಳುಗಳು ಕಟ್ಟಡ ಬೀಳುವ ಮುಂಚೆಯೇ ಸತ್ತಿದ್ದರು ಎಂದು ಮುಂದೆ ಫೀನಿಕ್ಸ್‌ನ ಬಾಯಿಂದಲೇ ಹೇಳಿಸಿ ಸ್ಪಾರ್ಟನ್‌ನನ್ನು ತೊಳೆದ ಮುತ್ತು ಮಾಡಿಬಿಡುತ್ತದೆ. ಕೊಲೆಗಾರನ ಒಂದು ಮಾತು ಸಾಕಾಯಿತು, ನಾಯಕನ ಮೇಲೆ ಕಲೆಯೇ ಇಲ್ಲ. ಈ ತಂತ್ರ ನಮಗೆ ಹೊಸದೇನಲ್ಲ.

ಸಿನಿಮಾದಲ್ಲಿ ನನಗೆ ನಿಜವಾಗಿ ಇಷ್ಟವಾದದ್ದು ಹಕ್ಸ್‌ಲಿ. ಅವಳ ಹೆಸರನ್ನೇ 1932ರ ‘ಬ್ರೇವ್ ನ್ಯೂ ವರ್ಲ್ಡ್’ ಕಾದಂಬರಿಯ ಲೆನಿನಾ ಮತ್ತು ಅದನ್ನು ಬರೆದ ಹಕ್ಸ್‌ಲಿ ಇಬ್ಬರಿಂದ ಎತ್ತಿದ್ದಾರೆ. ಅವಳಿಗೆ ಹಳೆಯ ಆ್ಯಕ್ಷನ್ ಸಿನಿಮಾಗಳ ಹುಚ್ಚು. ಕಚೇರಿಯ ಗೋಡೆಯಲ್ಲಿ ‘ಲೆಥಲ್ ವೆಪನ್ 3’ರ ಪೋಸ್ಟರ್. ಅಂದರೆ ಅವಳೂ ನಮ್ಮ ಹಾಗೆ ಶಿಳ್ಳೆ ಹೊಡೆಯುವ ನೋಡುಗಳೇ. ಆದರೆ ಸ್ಪಾರ್ಟನ್ ಜೀಪು ಹತ್ತಿದ ಮೇಲೆ ಅವಳ ಬಾಯಿ ಸುಮ್ಮನಿರುವುದಿಲ್ಲ. ಅವನು ನುಗ್ಗುವಲ್ಲಿ ಅವಳು ಕೇಳುತ್ತಾಳೆ, ಇವಳು ಹಿಂಜರಿಯುವಲ್ಲಿ ಅವನು ನೂಕುತ್ತಾನೆ. ಇಬ್ಬರು ಪೊಲೀಸರ ಸಿನಿಮಾಗಳ ಗುಟ್ಟೇ ಅದು. ಒಬ್ಬನ ತಪ್ಪಿಗೆ ಇನ್ನೊಬ್ಬ ಸಾಕ್ಷಿಯಾಗಿ ಪಕ್ಕದ ಸೀಟಿನಲ್ಲೇ ಕೂತಿರುತ್ತಾನೆ. ನಮ್ಮ ಪೊಲೀಸ್ ಸಿನಿಮಾಗಳಲ್ಲಿ ಈ ಪಕ್ಕದ ಸೀಟು ಬಹುಮಟ್ಟಿಗೆ ಖಾಲಿ. ಇದ್ದರೂ ಹೊಟ್ಟೆ ಬೆಳೆಸಿಕೊಂಡ ಹಾಸ್ಯದ ಹೆಡ್ ಕಾನ್‌ಸ್ಟೇಬಲ್ ಒಬ್ಬ, ಸಾಹೇಬರು ಹೊಡೆದಾಗ ಸೆಲ್ಯೂಟ್ ಹೊಡೆಯುವುದಕ್ಕೆ. ‘ಸಾರ್, ಇದು ಸರಿಯಾ?’ ಎಂದು ಕೇಳುವ ಜೋಡಿಯನ್ನು ನಮ್ಮ ಬರಹಗಾರರು ಯಾಕೆ ಬರೆಯಲಿಲ್ಲ ಎಂದು ಆಗಾಗ ಅನ್ನಿಸುತ್ತದೆ. ಬರೆದರೆ ಥಿಯೇಟರಿನಲ್ಲಿ ನಾವೇ ‘ಕೂತ್ಕೊಳ್ಳೋ’ ಎಂದು ಕೂಗುತ್ತಿದ್ದೆವೋ ಏನೋ.

ನೋಡುವವರನ್ನು ಕಾಯುವ ಪೊಲೀಸ್‌ಗಿರಿಯೂ ಒಂದಿದೆ, ಅದನ್ನು ಬಿಟ್ಟರೆ ಗಡಿಯವನಾಗಿ ತಪ್ಪಾಗುತ್ತದೆ. ಇಲ್ಲಿ ಬೇರಿಕೆಯಲ್ಲಿ ಕನ್ನಡದ ಮನೆಗಳು ಹೊಸೂರಿಗೆ ಹೋಗಿ ತಮಿಳು, ತೆಲುಗು ಸಿನಿಮಾಗಳನ್ನು ಆಯಾ ಭಾಷೆಯಲ್ಲೇ ನೋಡಿ ಬರುತ್ತವೆ, ಯಾರ ಕನ್ನಡವೂ ಅದರಿಂದ ಹೋಗಿಲ್ಲ. ಕರ್ನಾಟಕದಲ್ಲಿ ಮಾತ್ರ ದಶಕಗಟ್ಟಲೆ ಡಬ್ಬಿಂಗ್ ಮಾಡುವಂತೆಯೇ ಇರಲಿಲ್ಲ. ಅದಕ್ಕೆ ಕಾನೂನೇನೂ ಇರಲಿಲ್ಲ, ಇದ್ದದ್ದು ಒತ್ತಡ. 2015ರಲ್ಲಿ ಸ್ಪರ್ಧಾ ಆಯೋಗ ಅದು ಸರಿಯಲ್ಲ ಎಂದಿತು. 2017ರಲ್ಲಿ ತಮಿಳಿನ ಪೊಲೀಸ್ ಸಿನಿಮಾವೊಂದು ‘ಸತ್ಯದೇವ್ ಐಪಿಎಸ್’ ಆಗಿ ಕನ್ನಡದಲ್ಲಿ ಬಂದಾಗಲೂ ಪ್ರತಿಭಟನೆ ನಡೆದು ಹಲವು ಕಡೆ ಪ್ರದರ್ಶನ ನಿಂತಿತು. ನಾನು ಏನು ನೋಡಬೇಕೆಂದು ಚೀಟಿ ಇಲ್ಲದೆ ದಂಡ ಹಾಕುವವರು ಎಲ್ಲ ಬಣ್ಣದವರೂ ಇದ್ದಾರೆ.

‘ಡೆಮೊಲಿಶನ್ ಮ್ಯಾನ್’ ನೋಡಬೇಡಿ ಎಂದು ಮಕ್ಕಳಿಗೆ ಹೇಳುವುದಕ್ಕಾಗಿ ನಾನು ಇದನ್ನು ಬರೆದಿಲ್ಲ. ಹಾಗೆ ಹೇಳಿದರೆ ನನಗೂ ಕಾಕ್ಟೋಗೂ ನಿಲುವಂಗಿಯದ್ದಷ್ಟೇ ವ್ಯತ್ಯಾಸ. ದೊಡ್ಡ ಹುಡುಗರಿದ್ದರೆ ಜೊತೆಗೆ ಕೂತು ನೋಡಿ, ರಿಮೋಟ್ ಕೈಯಲ್ಲಿರಲಿ, ನಿಲ್ಲಿಸಿ ಮಾತಾಡಿ. ಕಾಲೇಜಿಗೆ ಹೋಗುವ ನಮ್ಮ ಮನೆಯ ಹುಡುಗರ ಹತ್ತಿರ ನಾನು ಕೇಳಿದ್ದು ಒಂದೇ. ಕಟ್ಟಡ ಉರುಳುತ್ತದೆ, ಸ್ಪಾರ್ಟನ್ ಮೇಲೆ ಆರೋಪ ಬರುತ್ತದೆ, ಮುಂದಿನ ದೃಶ್ಯದಲ್ಲಿ ಅವನನ್ನು ಹಿಮದಲ್ಲಿ ಇಳಿಸುತ್ತಿದ್ದಾರೆ. ನಡುವೆ ಒಂದು ವಿಚಾರಣೆ ನಡೆದಿರಲೇಬೇಕಲ್ಲ, ಮೋನು, ಅದು ಸಿನಿಮಾದಲ್ಲಿ ಯಾಕಿಲ್ಲ? ದೊಡ್ಡವನು, ಅದನ್ನು ತೋರಿಸಿದರೆ ಬೋರ್ ಆಗುತ್ತದೆ ಎಂದ. ಚಿಕ್ಕವನು ಸ್ವಲ್ಪ ಹೊತ್ತು ಮೊಬೈಲ್ ಕೆಳಗಿಟ್ಟು ಯೋಚಿಸಿ, ಸತ್ತವರ ಮನೆಯವರು ಸಾಕ್ಷಿ ಹೇಳಲು ಬಂದಿರಬೇಕು, ಅವರನ್ನು ನೋಡಿದ ಮೇಲೆ ಸ್ಪಾರ್ಟನ್‌ಗೆ ಶಿಳ್ಳೆ ಹೊಡೆಯಲು ಆಗುವುದಿಲ್ಲವಲ್ಲ ಎಂದ. ದೊಡ್ಡವನು ಅದಕ್ಕೂ ಒಪ್ಪಲಿಲ್ಲ. ಮಗ್ರಿಬ್ ಬಾಂಗ್ ಆಗುವವರೆಗೂ ಇಬ್ಬರೂ ಜಗಳವಾಡಿದರು, ಮರುದಿನ ಪತ್ತಿರ್ ತಿನ್ನುವಾಗಲೂ ಅದೇ ಮಾತು ನಡೆದಿತ್ತು.